ತಾರಸಿ ತೋಟದ ಕುಂಡಗಳಿಗೆ ಯಾವ ನೀರು? ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ತಾರಸಿಯ ಮೇಲೆ ತರಕಾರಿ, ಹೂವು, ಕರಿಬೇವು ಬೆಳೆಯುವವರು ಮಣ್ಣು, ಗೊಬ್ಬರ, ಬೀಜಗಳ ಬಗ್ಗೆ ಮೊದಲೇ ವಿಚಾರಿಸಿಕೊಳ್ಳುತ್ತಾರೆ. ನೀರಿನ ಬಗ್ಗೆ ಮಾತ್ರ ಎಲೆ ಹಳದಿಯಾಗಿ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದ ಮೇಲೆ ಕೇಳುತ್ತಾರೆ. ನಾನೂ ಮೊದಲ ಮೂರು ವರ್ಷ ಹಾಗೆಯೇ ನಡೆದುಕೊಂಡೆ; ಕರಿಬೇವಿನ ಗಿಡಕ್ಕೆ ಗೊಬ್ಬರದ ಮೇಲೆ ಗೊಬ್ಬರ ಹಾಕಿದೆ, ತೊಂದರೆ ಇದ್ದದ್ದು ನಲ್ಲಿಯಿಂದ ಬರುತ್ತಿದ್ದ ನೀರಿನಲ್ಲಿ. ಆ ಅನುಭವದಿಂದಲೂ, ಇತರ ತೋಟಗಳನ್ನು ನೋಡಿದ್ದರಿಂದಲೂ, ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಲೆಕ್ಕಗಳೆಲ್ಲ ಬೆಂಗಳೂರಿನ ಮನೆಯೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು.

ಕುಡಿಯಲು ಯೋಗ್ಯವಾದ ನೀರು ಗಿಡಕ್ಕೂ ಯೋಗ್ಯವಲ್ಲವೇ?

ಯಾವಾಗಲೂ ಅಲ್ಲ. ನಾವು ಕುಡಿದ ನೀರಿನ ಉಪ್ಪನ್ನು ನಮ್ಮ ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ಕುಂಡಕ್ಕೆ ಅಂಥ ಅಂಗವಿಲ್ಲ. ಗಿಡ ನೀರನ್ನು ಹೀರಿಕೊಳ್ಳುತ್ತದೆ, ಬಿಸಿಲು ಉಳಿದದ್ದನ್ನು ಆರಿಸುತ್ತದೆ, ನೀರಿನಲ್ಲಿ ಕರಗಿದ್ದ ಉಪ್ಪುಗಳಲ್ಲಿ ಹೆಚ್ಚಿನ ಪಾಲು ಮಣ್ಣಿನಲ್ಲಿಯೇ ಉಳಿಯುತ್ತದೆ. ಹೊಲದಲ್ಲಾದರೆ ಮಳೆಗಾಲ ಬಂದಾಗ ಆ ಉಪ್ಪು ಬೇರಿನ ಮಟ್ಟದಿಂದ ಕೆಳಗೆ ಇಳಿದು ಹೋಗುತ್ತದೆ, ಹತ್ತು ಲೀಟರ್ ಹಿಡಿಯುವ ಕುಂಡದಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ.

ಲೆಕ್ಕ ಹಾಕಿ ನೋಡೋಣ. ನಿಮ್ಮ ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 1,000 ಮಿಲಿಗ್ರಾಂ ಲವಣಗಳಿವೆ ಎಂದುಕೊಳ್ಳಿ. ದಿನಕ್ಕೆ ಒಂದು ಲೀಟರ್ ಹಾಕಿದರೆ ದಿನಕ್ಕೆ ಒಂದು ಗ್ರಾಂ ಲವಣ ಕುಂಡ ಸೇರುತ್ತದೆ. ಡಿಸೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗಿನ 120 ದಿನಗಳಲ್ಲಿ, ತಳದಿಂದ ನೀರು ಹರಿದು ಹೋಗದಂತೆ ಮಿತವಾಗಿ ನೀರುಣಿಸಿದರೆ, 120 ಗ್ರಾಂ. ಅಷ್ಟು ಲವಣವನ್ನು ಯಾರೂ ಕೈಯಾರೆ ತಮ್ಮ ಗಿಡದ ಬುಡಕ್ಕೆ ಸುರಿಯುವುದಿಲ್ಲ.

ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಒಟ್ಟು ಕರಗಿದ ಘನಪದಾರ್ಥ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಇರುವುದು ಒಳ್ಳೆಯದು. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೂ ಒಪ್ಪಬಹುದು. ನೀರಾವರಿಗಾಗಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1985ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ 450ಕ್ಕಿಂತ ಕಡಿಮೆ ಇದ್ದರೆ ಯಾವ ನಿರ್ಬಂಧವೂ ಇಲ್ಲ; 450ರಿಂದ 2,000ದವರೆಗೆ ಎಚ್ಚರಿಕೆ ಬೇಕು; ಅದಕ್ಕೂ ಹೆಚ್ಚಾದರೆ ತೀವ್ರ ನಿರ್ಬಂಧ. ಈ ಅಂಕಿಗಳನ್ನು ಹೊಲಕ್ಕಾಗಿ ನಿಗದಿ ಮಾಡಿರುವುದರಿಂದ ಕುಂಡದ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿ ಓದಿಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ.

ಹಾಗಾದರೆ ಎಲ್ಲಕ್ಕಿಂತ ಒಳ್ಳೆಯ ನೀರು ಯಾವುದು?

ಮಳೆನೀರು. ಅದರಲ್ಲಿ ಲವಣವೂ, ಮಣ್ಣನ್ನು ಕ್ಷಾರೀಯ ಮಾಡುವ ಬೈಕಾರ್ಬೊನೇಟ್ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿರುವುದರಿಂದ ತುಸು ಆಮ್ಲೀಯವಾಗಿಯೂ ಇರುತ್ತದೆ. ಒಂದು ರಾತ್ರಿ ಮಳೆ ಬಂದ ಮೇಲೆ ಗಿಡಗಳು ಕಳೆಗಟ್ಟುವುದನ್ನು ತೋಟವಿಟ್ಟವರೆಲ್ಲ ನೋಡಿದ್ದಾರೆ. ಧೂಳು ತೊಳೆದು ಹೋದದ್ದರ ಜೊತೆಗೆ ಬೇರಿನ ಸುತ್ತಲಿನ ಉಪ್ಪು ಕೆಳಗೆ ಇಳಿದದ್ದೂ ಅದಕ್ಕೆ ಕಾರಣ. ಮಳೆನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಇಲ್ಲದಿರುವುದರಿಂದ ವರ್ಷವಿಡೀ ಅದನ್ನೇ ಹಾಕುವವರು ಕಾಂಪೋಸ್ಟ್ ಅಥವಾ ಎರೆಗೊಬ್ಬರವನ್ನು ತಪ್ಪದೆ ಕೊಡುತ್ತಿರಬೇಕು.

ವರ್ಷವಿಡೀ ಮಳೆನೀರು ಸಿಗುವ ಮನೆಗಳು ಕಡಿಮೆ. ಆದ್ದರಿಂದ ಮನೆಯಲ್ಲಿ ಸಿಗುವ ಎರಡು ಮೂರು ಬಗೆಯ ನೀರನ್ನು ಯಾವ ಗಿಡಕ್ಕೆ, ಯಾವ ಪ್ರಮಾಣದಲ್ಲಿ ಬೆರೆಸಿ ಕೊಡಬೇಕೆಂಬುದೇ ನಿಜವಾಗಿ ಯೋಚಿಸಬೇಕಾದ ವಿಷಯ.

ನಮ್ಮ ಮನೆಯ ನೀರು ಎಂಥದ್ದೆಂದು ತಿಳಿದುಕೊಳ್ಳುವುದು ಹೇಗೆ?

ನಮ್ಮ ಹಿರಿಯರಿಗೆ ಮೀಟರ್ ಇರಲಿಲ್ಲ. ಬೇಳೆ ಬೇಯದ ನೀರು, ಸೋಪಿನ ನೊರೆ ಬಾರದ ನೀರು ಗಡಸು ನೀರೆಂದು ಅವರು ಗುರುತಿಸುತ್ತಿದ್ದರು. ಆ ಪರೀಕ್ಷೆ ಇಂದಿಗೂ ಸರಿಯಾದದ್ದೇ. ಗೀಸರಿನ ಕಾಯಿಲ್ ಮೇಲೆ, ಶವರಿನ ರಂಧ್ರಗಳಲ್ಲಿ ಬಿಳಿ ಪದರ ಕಟ್ಟುತ್ತಿದ್ದರೆ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಎರಡೂ ಹೆಚ್ಚಿವೆ ಎಂದರ್ಥ.

ಅದರ ಮುಂದಿನ ಹೆಜ್ಜೆ ಟಿಡಿಎಸ್ ಮೀಟರ್. ಕೆಲವು ನೂರು ರೂಪಾಯಿಗೆ ಸಿಗುವ ಈ ಉಪಕರಣವನ್ನು ತಾರಸಿ ತೋಟ ಮಾಡುವ ಪ್ರತಿಯೊಬ್ಬರೂ ಇಟ್ಟುಕೊಳ್ಳಬೇಕೆಂದು ಒತ್ತಾಯಪೂರ್ವಕವಾಗಿಯೇ ಹೇಳುತ್ತೇನೆ. ಆದರೆ ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು. ಅದನ್ನು ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ ಟಿಡಿಎಸ್ ಎಂದು ತೋರಿಸುತ್ತದೆ. ಕೆಲವು ಮೀಟರ್‌ಗಳು 0.5ರಿಂದ, ಕೆಲವು 0.7ರಿಂದ ಗುಣಿಸುವುದರಿಂದ ಅದೇ ನೀರಿಗೆ ಎರಡು ಮೀಟರ್‌ಗಳು ಎರಡು ಅಂಕಿ ತೋರಿಸಿದರೆ ಗಾಬರಿಯಾಗಬೇಕಿಲ್ಲ. ಕರಗಿರುವುದು ಗಿಡಕ್ಕೆ ಬೇಕಾದ ಕ್ಯಾಲ್ಸಿಯಮ್ಮೋ, ಬೇಡವಾದ ಸೋಡಿಯಮ್ಮೋ ಎಂಬುದನ್ನು ಮೀಟರ್ ಹೇಳುವುದಿಲ್ಲ. ರೋಗಾಣುಗಳ ಸುದ್ದಿಯೂ ಅದಕ್ಕೆ ತಿಳಿಯದು.

ಕೊಳವೆಬಾವಿಯ ನೀರನ್ನೇ ನೆಚ್ಚಿಕೊಂಡವರು ಒಮ್ಮೆಯಾದರೂ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿದರೆ ನೀರಾವರಿ ನೀರಿನ ಪರೀಕ್ಷೆ ಎಲ್ಲಿ ನಡೆಯುತ್ತದೆಂದು ತಿಳಿಯುತ್ತದೆ. ಕುಡಿಯುವ ನೀರಿನ ಪರೀಕ್ಷೆ ಬೇಡ, ನೀರಾವರಿಯದ್ದು ಬೇಕು ಎಂದು ಸ್ಪಷ್ಟವಾಗಿ ಹೇಳಿ. ವರದಿಯಲ್ಲಿ ವಿದ್ಯುತ್ ವಾಹಕತೆ, ಪಿಎಚ್ (ಆಮ್ಲೀಯವೋ ಕ್ಷಾರೀಯವೋ ಎಂಬ ಅಳತೆ; 7 ತಟಸ್ಥ), ಬೈಕಾರ್ಬೊನೇಟ್, ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್ ಇರಲಿ.

ಮೀಟರ್ 700 ತೋರಿಸುತ್ತಿದೆ. ಏನೇನು ಬೆಳೆಯಬಹುದು?

ಎಲ್ಲ ಗಿಡಗಳೂ ಒಂದೇ ರೀತಿ ಉಪ್ಪನ್ನು ಸಹಿಸುವುದಿಲ್ಲ. ಹುರುಳಿಕಾಯಿ, ಕ್ಯಾರೆಟ್, ಈರುಳ್ಳಿ, ಸ್ಟ್ರಾಬೆರಿ ಬಹಳ ಸೂಕ್ಷ್ಮ. ಮೆಣಸಿನಕಾಯಿ ಮತ್ತು ಸಲಾಡ್ ಸೊಪ್ಪು ಅವುಗಳಿಗಿಂತ ಸ್ವಲ್ಪ ಗಟ್ಟಿ. ಟೊಮೆಟೊ ಇನ್ನೂ ಗಟ್ಟಿ. ಬೀಟ್‌ರೂಟ್ ಈ ಎಲ್ಲವನ್ನೂ ಮೀರಿಸುತ್ತದೆ. 700ರ ನೀರಿನಲ್ಲಿ ಟೊಮೆಟೊ, ಬೀಟ್‌ರೂಟ್‌ಗಳನ್ನು, ತಳದ ರಂಧ್ರದಿಂದ ನೀರು ಚೆನ್ನಾಗಿ ಬಸಿಯುವಂತಿದ್ದರೆ, ನಿಶ್ಚಿಂತೆಯಿಂದ ಬೆಳೆಯಬಹುದು. ಹುರುಳಿಕಾಯಿಗೆ ಅದನ್ನು ಅರ್ಧಕ್ಕರ್ಧ ಮಳೆನೀರಿನೊಂದಿಗೆ ಬೆರೆಸಿ. ಆಂಥೂರಿಯಂ, ಆರ್ಕಿಡ್‌ಗಳಿಗೆ ಈ ನೀರು ಬೇಡವೇ ಬೇಡ. ಬೀಜ ಮೊಳೆಯುವ ಹಂತದಲ್ಲಿ ಎಲ್ಲ ಗಿಡಗಳೂ ಹೆಚ್ಚು ಸೂಕ್ಷ್ಮವಾಗಿರುವುದರಿಂದ, ಇರುವ ಒಳ್ಳೆಯ ನೀರನ್ನು ಮೊದಲು ಸಸಿ ಟ್ರೇಗಳಿಗೆ ಮೀಸಲಿಡುವುದು ಜಾಣತನ.

ಬೆರೆಸುವ ಲೆಕ್ಕ ಸುಲಭ. ಟಿಡಿಎಸ್ 20 ಇರುವ ಮಳೆನೀರನ್ನೂ 1,000 ಇರುವ ಕೊಳವೆಬಾವಿ ನೀರನ್ನೂ ಸಮಪ್ರಮಾಣದಲ್ಲಿ ಬೆರೆಸಿದರೆ 510 ಬರುತ್ತದೆ. ಮೂರು ಪಾಲು ಮಳೆನೀರಿಗೆ ಒಂದು ಪಾಲು ಕೊಳವೆಬಾವಿಯದಾದರೆ 265.

ಕೊಳವೆಬಾವಿ ನೀರು ಹಾಕಲು ಶುರು ಮಾಡಿದ ಮೇಲೆ ಕರಿಬೇವಿನ ಚಿಗುರು ಹಳದಿಯಾಗುತ್ತಿದೆ. ಗೊಬ್ಬರ ಹಾಕಿದರೂ ಸರಿಹೋಗುತ್ತಿಲ್ಲವೇಕೆ?

ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆಯ ಲಕ್ಷಣ. ಸಾರಜನಕದ ಕೊರತೆಯಾದರೆ ಹಳೆಯ ಎಲೆಗಳು ಮೊದಲು ಹಳದಿಯಾಗುತ್ತವೆ. ಈ ವ್ಯತ್ಯಾಸವನ್ನು ಗಮನಿಸದೆ ಯೂರಿಯಾ ಹಾಕುವವರೇ ಹೆಚ್ಚು, ಒಂದು ಕಾಲದಲ್ಲಿ ನಾನೂ ಅವರಲ್ಲಿ ಒಬ್ಬ. ಸಾಮಾನ್ಯವಾಗಿ ಮಣ್ಣಿನಲ್ಲಿ ಕಬ್ಬಿಣ ಇರುತ್ತದೆ, ಬೆಂಗಳೂರಿನ ಕೆಮ್ಮಣ್ಣಿಗೆ ಆ ಬಣ್ಣ ಬಂದದ್ದೇ ಕಬ್ಬಿಣದಿಂದ. ಆದರೆ ಅದು ಗಿಡಕ್ಕೆ ಸಿಗುವ ರೂಪದಲ್ಲಿ ಇರುವುದಿಲ್ಲ.

ಇದಕ್ಕೆ ಕಾರಣ ನೀರಿನಲ್ಲಿರುವ ಬೈಕಾರ್ಬೊನೇಟ್. ಗ್ರಾನೈಟ್ ಮತ್ತು ನೈಸ್ ಎಂಬ ಗಟ್ಟಿ ಬಂಡೆಗಳ ಬಿರುಕುಗಳಲ್ಲಿ ಬಹುಕಾಲ ನಿಂತ ಆಳದ ನೀರು ಬಂಡೆಯ ಖನಿಜಗಳನ್ನು ಕರಗಿಸಿಕೊಳ್ಳುತ್ತ ಬೈಕಾರ್ಬೊನೇಟನ್ನು ಗಳಿಸುತ್ತದೆ. ಅಂಥ ನೀರನ್ನು ದಿನವೂ ಹಾಕುವುದೆಂದರೆ ಕುಂಡಕ್ಕೆ ದಿನವೂ ಚಿಟಿಕೆ ಸುಣ್ಣ ಹಾಕಿದಂತೆ. ಮಣ್ಣಿನ ಪಿಎಚ್ ನಿಧಾನವಾಗಿ 8ರ ಕಡೆಗೆ ಏರುತ್ತದೆ, ಕಬ್ಬಿಣ, ಸತು, ಮ್ಯಾಂಗನೀಸ್‌ಗಳು ಕರಗದೆ ಕುಳಿತುಬಿಡುತ್ತವೆ. ಕರಿಬೇವು, ನಿಂಬೆ, ಕೇಪಳ, ಗುಲಾಬಿ ಇದನ್ನು ಬೇಗ ತೋರಿಸುತ್ತವೆ. ನೀರಿನ ಪಿಎಚ್ ಅಷ್ಟನ್ನೇ ನೋಡಿದರೆ ಇದು ತಿಳಿಯುವುದಿಲ್ಲ: ಪಿಎಚ್ 8 ಇರುವ ನೀರಿನಲ್ಲಿ ಬೈಕಾರ್ಬೊನೇಟ್ ಕಡಿಮೆಯಿದ್ದರೆ ಮಣ್ಣು ಅದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ, ಪಿಎಚ್ 7.2 ಇದ್ದು ಬೈಕಾರ್ಬೊನೇಟ್ ತುಂಬಿದ್ದರೆ ಒಂದೆರಡು ವರ್ಷದೊಳಗೆ ಕುಂಡದ ಮಣ್ಣು ಕೆಡುತ್ತದೆ. ಪ್ರಯೋಗಾಲಯದ ವರದಿಯಲ್ಲಿ ನಾನು ಮೊದಲು ನೋಡುವುದು ಈ ಒಂದು ಅಂಕಿಯನ್ನೇ.

ಪರಿಹಾರವೆಂದರೆ ನೀರು ಬದಲಿಸುವುದು, ಇಲ್ಲವೇ ಬೆರೆಸುವುದು. ಅದರ ಜೊತೆಗೆ ಕಾಂಪೋಸ್ಟ್ ಹೆಚ್ಚಿಸಿ. ಗಂಧಕದ ಪುಡಿಯನ್ನು ಸ್ವಲ್ಪವೇ ಮಣ್ಣಿಗೆ ಬೆರೆಸಿದರೆ ಸೂಕ್ಷ್ಮಜೀವಿಗಳು ಅದನ್ನು ಆಮ್ಲವಾಗಿ ಪರಿವರ್ತಿಸುತ್ತವೆ, ಆದರೆ ಅದಕ್ಕೆ ವಾರಗಳು, ತಿಂಗಳುಗಳು ಬೇಕು. ತಕ್ಷಣಕ್ಕೆ ಕೀಲೇಟ್ ರೂಪದ, ಅಂದರೆ ಗಿಡಕ್ಕೆ ಸಿಗುವಂತೆ ಕರಗಿದ ಸ್ಥಿತಿಯಲ್ಲಿ ಹಿಡಿದಿಟ್ಟ ಕಬ್ಬಿಣವನ್ನು ಎಲೆಗಳ ಮೇಲೆ ಸಿಂಪಡಿಸಬಹುದು. ಮಣ್ಣಿಗೇ ಹಾಕುವುದಾದರೆ ಪೊಟ್ಟಣದ ಮೇಲೆ ಇಡಿಡಿಎಚ್ಎ ಎಂದಿರುವುದನ್ನು ಆರಿಸಿ. ಇಡಿಟಿಎ ಎಂದಿರುವುದು ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಹೆಚ್ಚು ಕಾಲ ನಿಲ್ಲುವುದಿಲ್ಲ.

ನೀರಿಗೆ ನಿಂಬೆರಸ ಅಥವಾ ವಿನೆಗರ್ ಹಾಕಿದರೆ ಆಗದೇ?

ಆ ಹೊತ್ತಿಗೆ ನೀರಿನ ಪಿಎಚ್ ಇಳಿಯುತ್ತದೆ. ಶೇ. 5ರ ವಿನೆಗರ್ ಸುಮಾರು 1.2 ಮಿಲಿಲೀಟರ್ ಹಾಕಿದರೆ ಒಂದು ಲೀಟರ್ ನೀರಿನಲ್ಲಿರುವ ಸುಮಾರು 60 ಮಿಲಿಗ್ರಾಂ ಬೈಕಾರ್ಬೊನೇಟ್ ತಟಸ್ಥವಾಗುತ್ತದೆ. ಆದರೆ ನಿಂಬೆರಸ, ವಿನೆಗರ್ ಎರಡೂ ಸಾವಯವ ಆಮ್ಲಗಳು. ಮಣ್ಣಿನ ಸೂಕ್ಷ್ಮಜೀವಿಗಳು ಅವುಗಳ ಲವಣವನ್ನು ತಿಂದು ಮುಗಿಸಿದಾಗ ಬೈಕಾರ್ಬೊನೇಟ್ ಮತ್ತೆ ಹುಟ್ಟುತ್ತದೆ. ಆದ್ದರಿಂದ ಎಲೆಗಳಿಗೆ ಪೋಷಕಾಂಶ ಸಿಂಪಡಿಸುವ ದ್ರಾವಣಕ್ಕೆ ಕೆಲವು ಹನಿ ನಿಂಬೆರಸ ಸೇರಿಸುವುದು ಉಪಯುಕ್ತ. ದಿನನಿತ್ಯದ ನೀರಿಗೆ ಅದನ್ನು ಶಾಶ್ವತ ಪರಿಹಾರವೆಂದು ನಂಬಬೇಡಿ.

ಸೋಪಿನ ದ್ರಾವಣದಿಂದ ಹಿಟ್ಟುತಿಗಣೆ ಓಡಿಸಲು ಹೊರಟವರೂ ಇದೇ ಗಡಸು ನೀರಿನಿಂದ ಸೋಲುತ್ತಾರೆ: ಕ್ಯಾಲ್ಸಿಯಂ ಸೋಪನ್ನು ಹಿಡಿದು ಗಸಿಯಾಗಿಸಿಬಿಡುತ್ತದೆ. ಸಿಂಪಡಣೆಗೆ ಎರಡು ಲೀಟರ್ ಮಳೆನೀರನ್ನು ಬಾಟಲಿಯಲ್ಲಿ ಎತ್ತಿಟ್ಟುಕೊಂಡರೆ ಈ ಕಷ್ಟವಿಲ್ಲ.

ನಮ್ಮ ಅಪಾರ್ಟ್‌ಮೆಂಟಿನಲ್ಲಿ ವಾಟರ್ ಸಾಫ್ಟನರ್ ಹಾಕಿಸಿದ್ದಾರೆ. ಆ ನೀರು ಮೆದುವಾಗಿದೆಯಲ್ಲ, ಗಿಡಕ್ಕೆ ಒಳ್ಳೆಯದಲ್ಲವೇ?

ಅತ್ಯಂತ ಹೆಚ್ಚು ಗಿಡಗಳನ್ನು ಕೊಲ್ಲುತ್ತಿರುವ ತಪ್ಪು ತಿಳಿವಳಿಕೆ ಇದೇ ಎಂದು ನನಗೆ ಅನಿಸಿದೆ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಸಾಫ್ಟನರ್ ನೀರಿನಿಂದ ಲವಣವನ್ನು ತೆಗೆಯುವುದಿಲ್ಲ, ಅದಲುಬದಲು ಮಾಡುತ್ತದೆ. ಅದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು, ಅವುಗಳ ಬದಲು ಸೋಡಿಯಮ್ಮನ್ನು ನೀರಿಗೆ ಬಿಡುತ್ತವೆ. ಯಂತ್ರಕ್ಕೆ ಆಗಾಗ ಮೂಟೆಗಟ್ಟಲೆ ಉಪ್ಪು ಸುರಿಯುವುದನ್ನು ನೀವು ನೋಡಿರಬಹುದು. ಆ ಉಪ್ಪಿನ ಸೋಡಿಯಂ ಕೊನೆಗೆ ನಿಮ್ಮ ನಲ್ಲಿಯಲ್ಲಿ ಬರುತ್ತದೆ. ಗಡಸುತನ 100 ಮಿಲಿಗ್ರಾಂ ಇಳಿದಾಗ ಸೋಡಿಯಂ 46 ಮಿಲಿಗ್ರಾಂ ಏರುತ್ತದೆ. 400 ಮಿಲಿಗ್ರಾಂ ಗಡಸುತನದ ನೀರನ್ನು ಪೂರ್ತಿ ಮೆದು ಮಾಡಿದರೆ ಲೀಟರಿಗೆ 184 ಮಿಲಿಗ್ರಾಂ ಸೋಡಿಯಂ ಹೊಸದಾಗಿ ಸೇರಿದಂತಾಯಿತು. ಟಿಡಿಎಸ್ ಮೀಟರ್ ಮೊದಲಿನಷ್ಟನ್ನೇ ತೋರಿಸುತ್ತಿರುತ್ತದೆ.

ಬಟ್ಟೆಗೂ ಕೂದಲಿಗೂ ಈ ನೀರು ಹಿತ, ಮಣ್ಣಿಗೆ ಅಲ್ಲ. ಸೋಡಿಯಂ ಜೇಡಿಕಣಗಳ ನಡುವಿನ ಬಂಧ ಬಿಡಿಸಿ, ನೀರು ಇಂಗದ ಅಂಟು ಹೆಪ್ಪಾಗಿಸುತ್ತದೆ. ಒಣಗಿದಾಗ ಅದು ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಬೈಕಾರ್ಬೊನೇಟ್ ಇದ್ದಷ್ಟೇ ಉಳಿದು ಕ್ಯಾಲ್ಸಿಯಂ ಹೋಗಿಬಿಡುವುದರಿಂದ ಹಾನಿ ಇಮ್ಮಡಿ. ನೀರಾವರಿಯವರು ಉಳಿಕೆ ಸೋಡಿಯಂ ಕಾರ್ಬೊನೇಟ್ ಎಂದು ಕರೆಯುವ ಅಳತೆ (ಬೈಕಾರ್ಬೊನೇಟಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಕಳೆದು ಉಳಿದದ್ದು) ಲೀಟರಿಗೆ 1.25 ಮಿಲಿ ಈಕ್ವಿವಲೆಂಟ್ ಮೀರಿದರೆ ಎಚ್ಚರಿಕೆ ಬೇಕು, 2.5 ಮೀರಿದರೆ ಆ ನೀರು ಬೇಡ ಎಂಬುದು ರೂಢಿಯಲ್ಲಿರುವ ನಿಯಮ. ಬೈಕಾರ್ಬೊನೇಟ್ 6 ಮಿಲಿ ಈಕ್ವಿವಲೆಂಟ್ ಇದ್ದ ನೀರಿನಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪೂರ್ತಿ ತೆಗೆದರೆ ಈ ಅಳತೆಯೂ 6 ಆಗುತ್ತದೆ.

ಆದ್ದರಿಂದ ಸಾಫ್ಟನರ್ ನೀರಿಗಿಂತ ಅದಕ್ಕೆ ಮೊದಲಿನ ಗಡಸು ನೀರೇ ಗಿಡಕ್ಕೆ ಮೇಲು. ಯಂತ್ರಕ್ಕೆ ಹೋಗುವ ಮುಂಚಿನ ಪೈಪಿನಿಂದ ತೋಟಕ್ಕೆಂದು ಒಂದು ನಲ್ಲಿ ಎಳೆಸಿಕೊಡಲು ಸಂಘದವರನ್ನು ಕೇಳಿ. ಪ್ಲಂಬರಿಗೆ ಅದು ಒಂದು ದಿನದ ಕೆಲಸ. ಈಗಾಗಲೇ ಆ ನೀರು ಹಾಕಿ ಮಣ್ಣು ಗಟ್ಟಿಯಾಗಿದ್ದರೆ, ಹತ್ತು ಲೀಟರಿನ ಕುಂಡಕ್ಕೆ ಒಂದು ಚಮಚ ಜಿಪ್ಸಮ್ ಬೆರೆಸಿ, ಆಮೇಲೆ ಒಳ್ಳೆಯ ನೀರಿನಿಂದ ಚೆನ್ನಾಗಿ ತೊಳೆಯಿರಿ. ಜಿಪ್ಸಮ್ಮಿನ ಕ್ಯಾಲ್ಸಿಯಂ ಸೋಡಿಯಮ್ಮಿನ ಜಾಗವನ್ನು ಮರಳಿ ಪಡೆಯುತ್ತದೆ.

ಆರ್‌ಒ ಯಂತ್ರದಿಂದ ವ್ಯರ್ಥವಾಗಿ ಹೋಗುವ ನೀರನ್ನು ಹಾಕಬಹುದೇ?

ಯಂತ್ರಕ್ಕೆ ಬರುವ ನೀರು ಎಂಥದ್ದೆಂಬುದರ ಮೇಲೆ ಉತ್ತರ ನಿಂತಿದೆ. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಹೊರಗೆ ಹೋಗುವ ಯಂತ್ರವಾದರೆ ಹೊರಹೋಗುವ ನೀರಿನ ಲವಣ ಮೂಲದ ಸುಮಾರು ಒಂದೂಕಾಲಿನಿಂದ ಒಂದೂಮೂರನೇ ಒಂದು ಪಟ್ಟು. ಕಾವೇರಿ ನೀರು ಬರುವ ಮನೆಯಲ್ಲಿ ಮೂಲ 200 ಇದ್ದರೆ ಹೊರಹೋಗುವುದು 260ರ ಆಸುಪಾಸು. ಅದನ್ನು ಚರಂಡಿಗೆ ಬಿಡುವುದು ಅನ್ಯಾಯ, ನಿಸ್ಸಂಕೋಚವಾಗಿ ಗಿಡಕ್ಕೆ ಹಾಕಿ. ಕೊಳವೆಬಾವಿಯ 600ರ ನೀರಾದರೆ ಹೊರಗೆ ಬರುವುದು ಸುಮಾರು 790, ಅದು ಸೂಕ್ಷ್ಮ ಗಿಡಗಳಿಗೆ ಬೆರೆಸದೆ ಬಳಸುವ ನೀರಲ್ಲ. ನೀರು ಉಳಿಸುತ್ತೇವೆಂದು ಪ್ರಚಾರ ಮಾಡುವ ಹೊಸ ಯಂತ್ರಗಳಲ್ಲಿ ಒಳಬಂದ ನೀರಿನ ಅರ್ಧದಷ್ಟೇ ಹೊರಹೋಗುವುದರಿಂದ ಅದರ ಲವಣ ಎರಡು ಪಟ್ಟು ಹತ್ತಿರ ಇರುತ್ತದೆ. ಮೀಟರನ್ನು ಬಕೆಟಿಗೆ ಅದ್ದಿ ನೋಡಿಯೇ ನಿರ್ಧರಿಸಿ.

ಯಂತ್ರದ ಶುದ್ಧ ನೀರನ್ನೇ ಗಿಡಕ್ಕೆ ಹಾಕುವುದು, ಅದಕ್ಕಾಗಿ ಇನ್ನೂ ಮೂರು ಪಾಲು ನೀರು ಚೆಲ್ಲುವುದು, ನನಗೆ ಸರಿ ಕಾಣುವುದಿಲ್ಲ. ಆರ್ಕಿಡ್ ಇಟ್ಟವರು ಅರ್ಧ ಲೀಟರ್ ಬಳಸಿದರೆ ಅದು ಬೇರೆ ಮಾತು.

ಕಾವೇರಿ ನೀರಿನ ಕ್ಲೋರಿನ್ ಗಿಡಕ್ಕೆ ಹಾನಿಯೇ?

ನಲ್ಲಿಯಲ್ಲಿ ಬರುವಷ್ಟು ಪ್ರಮಾಣದಲ್ಲಿ ಹಾನಿಯಿಲ್ಲ. ಬಳಕೆದಾರರ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ಮಾನಕ. ಮಣ್ಣಿನ ಸಾವಯವ ಪದಾರ್ಥ ಅದನ್ನು ಬೇಗನೆ ಮುಗಿಸಿಬಿಡುತ್ತದೆ. ಜೀವಾಮೃತ, ಟ್ರೈಕೋಡರ್ಮಾದಂತಹ ಜೀವಾಣು ದ್ರಾವಣ ತಯಾರಿಸುವಾಗ ಮಾತ್ರ ನೀರನ್ನು ತೆರೆದ ಬಕೆಟಿನಲ್ಲಿ ಒಂದು ದಿನ ಇಟ್ಟು ಬಳಸಿ.

ಕ್ಲೋರಿನ್‌ಗಿಂತ ಯೋಚಿಸಬೇಕಾದ ವಿಷಯ ಇನ್ನೊಂದಿದೆ. ಈ ನೀರು ತೊರೆಕಾಡನಹಳ್ಳಿಯಿಂದ, ಸುಮಾರು 100 ಕಿಲೋಮೀಟರ್ ದೂರದಿಂದ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಆಗಿ ಮೇಲೇರಿ ನಮ್ಮ ಮನೆಯ ನೆಲತೊಟ್ಟಿಗೆ ಬರುತ್ತದೆ. 2024ರ ಮಾರ್ಚ್‌ನಲ್ಲಿ ನಗರ ನೀರಿಗಾಗಿ ಪರದಾಡಿದಾಗ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲು, ಕಟ್ಟಡ ಕಾಮಗಾರಿಗೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸುವುದಾಗಿ ಆದೇಶ ಹೊರಡಿಸಿತು. 2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ ಮತ್ತೆ ಬಂತು. ಗಿಡದ ದೃಷ್ಟಿಯಿಂದ ಕಾವೇರಿ ನೀರು ಉತ್ತಮವಾದರೂ ಬೇಸಿಗೆಯಲ್ಲಿ ಅದನ್ನು ನೇರವಾಗಿ ತೋಟಕ್ಕೆ ಹರಿಸುವುದು ನ್ಯಾಯವಲ್ಲ, ಅಂಥ ಆದೇಶ ಜಾರಿಯಲ್ಲಿದ್ದಾಗ ಕಾನೂನಿಗೆ ಒಪ್ಪಿತವೂ ಅಲ್ಲ. ತರಕಾರಿ, ಅಕ್ಕಿ, ಬೇಳೆ ತೊಳೆದ ನೀರಿನ ರೂಪದಲ್ಲಿ ಅದೇ ಕಾವೇರಿಯನ್ನು ಎರಡನೆಯ ಸಲ ಬಳಸಲು ಅಡ್ಡಿಯಿಲ್ಲ.

ತೋಟಕ್ಕಾಗಿ ಎಷ್ಟು ಮಳೆನೀರು ಕೂಡಿಡಬೇಕು?

ಜನ ಅಂದುಕೊಳ್ಳುವುದಕ್ಕಿಂತ ಬಹಳ ಕಡಿಮೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್. 30×40 ನಿವೇಶನದ ಮನೆಯಲ್ಲಿ 1,000 ಚದರ ಅಡಿ ತಾರಸಿ ಇದ್ದರೆ ಅದು ಸುಮಾರು 93 ಚದರ ಮೀಟರ್. ನೆನೆದು, ಚೆಲ್ಲಿ ಹೋದದ್ದನ್ನು ಕಳೆದು ಶೇ. 85 ಸಿಕ್ಕಿದರೂ ಪ್ರತಿ ಮಿಲಿಮೀಟರಿಗೆ 79 ಲೀಟರ್. ಬೆಂಗಳೂರಿನ ವಾರ್ಷಿಕ ಸರಾಸರಿ ಸುಮಾರು 970 ಮಿಲಿಮೀಟರ್ ಆಗಿರುವುದರಿಂದ ಅಂಥ ಒಂದು ತಾರಸಿಯಿಂದ ವರ್ಷಕ್ಕೆ ಸುಮಾರು 76,000 ಲೀಟರ್ ಸಿಗುತ್ತದೆ.

ಐವತ್ತು ಕುಂಡಗಳಿಗೆ ದಿನಕ್ಕೆ 50 ಲೀಟರಿನಂತೆ 120 ಒಣದಿನಗಳಿಗೆ 6,000 ಲೀಟರ್ ಬೇಕು. ಅಷ್ಟು ಜಾಗವಿಲ್ಲವೆಂದರೆ ಸೂಕ್ಷ್ಮವಾದ ಹದಿನೈದು ಗಿಡಗಳನ್ನಷ್ಟೇ ಆರಿಸಿಕೊಳ್ಳಿ: 1,800 ಲೀಟರ್ ಸಾಕು. ಸಾವಿರ ಲೀಟರಿನ ಎರಡು ಸಿಂಟೆಕ್ಸ್‌ಗಳು ಅಕ್ಟೋಬರಿನ ಒಂದೇ ಒಂದು 25 ಮಿಲಿಮೀಟರ್ ಮಳೆಗೆ ಬಹುತೇಕ ತುಂಬುತ್ತವೆ. ನೆನಪಿರಲಿ, ಸಾವಿರ ಲೀಟರ್ ನೀರೆಂದರೆ ಒಂದು ಟನ್ ಭಾರ. ಟ್ಯಾಂಕನ್ನು ನೆಲದ ಮೇಲೆ ಇಡುವುದು ಕ್ಷೇಮ. ತಾರಸಿಯ ಮೇಲೆಯೇ ಇಡಬೇಕೆಂದರೆ ಎಂಜಿನಿಯರರನ್ನು ಕೇಳಿ ತೊಲೆ, ಕಂಬಗಳ ಮೇಲೆ ಇಡಿಸಿ.

ಮಳೆನೀರು ಕೊಯ್ಲನ್ನು ಬೆಂಗಳೂರಿನಲ್ಲಿ 2009ರಲ್ಲಿ ಕಾನೂನಿನ ಮೂಲಕ ಕಡ್ಡಾಯ ಮಾಡಲಾಯಿತು. ಎಷ್ಟೋ ಮನೆಗಳಲ್ಲಿ ಪೈಪು, ಫಿಲ್ಟರ್ ಎಲ್ಲ ಇದ್ದೂ ನೀರು ನೇರವಾಗಿ ಇಂಗುಗುಂಡಿಗೆ ಹೋಗುತ್ತಿದೆ. ಆ ಪೈಪಿಗೆ ಒಂದು ಕವಲು ಕೊಡಿಸಿದರೆ ತೋಟದ ಟ್ಯಾಂಕ್ ತುಂಬುತ್ತದೆ. ಹೇಗೆಂದು ಕಣ್ಣಾರೆ ನೋಡಬೇಕೆಂದರೆ ಜಯನಗರದಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಹೋಗಿ ಬನ್ನಿ.

ತಾರಸಿಯಿಂದ ಇಳಿದ ಮಳೆನೀರು ಕೊಳಕಲ್ಲವೇ?

ಬೇಸಿಗೆಯ ನಂತರದ ಮೊದಲ ಮಳೆಯನ್ನೂ, ಪ್ರತಿ ಮಳೆಯ ಮೊದಲ ಒಂದೆರಡು ಮಿಲಿಮೀಟರನ್ನೂ ಹೊರಗೆ ಬಿಟ್ಟುಬಿಡಿ. ಪಾರಿವಾಳದ ಹಿಕ್ಕೆ, ಧೂಳು ಅದರಲ್ಲಿ ಹೋಗುತ್ತವೆ. ಹೊಸದಾಗಿ ವಾಟರ್‌ಪ್ರೂಫಿಂಗ್ ಬಳಿಸಿದ ತಾರಸಿಯಾದರೆ ಕೆಲವು ಮಳೆ ಕಾದು ಆಮೇಲೆ ಸಂಗ್ರಹಿಸಿ. ಟ್ಯಾಂಕ್ ಬೆಳಕು ಬೀಳದಂತೆ ಕಪ್ಪಾಗಿದ್ದರೆ ಪಾಚಿ ಬೆಳೆಯುವುದಿಲ್ಲ. ಮುಚ್ಚಳ ಮತ್ತು ಗಾಳಿ ಕೊಳವೆಗೆ ಸಣ್ಣ ಜಾಲರಿ ಕಟ್ಟದಿದ್ದರೆ ಡೆಂಗಿ ಹರಡುವ ಸೊಳ್ಳೆಯನ್ನು ನಾವೇ ಸಾಕಿದಂತಾಗುತ್ತದೆ.

ಟ್ಯಾಂಕರ್ ನೀರು?

ಅದು ಯಾರದೋ ಕೊಳವೆಬಾವಿಯ ನೀರು. ಇಂದು ಬಂದದ್ದು ಒಂದು ಬಾವಿಯದು, ನಾಳೆ ಬರುವುದು ಇನ್ನೊಂದರದು. ನೆಲತೊಟ್ಟಿಗೆ ನೀರು ಬಿಡಿಸುವ ಮುಂಚೆ ಒಂದು ಲೋಟ ಹಿಡಿದು ಮೀಟರ್ ಅದ್ದುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರಿನ ಸಂಸ್ಕರಣಾ ಘಟಕದಲ್ಲಿ ಸಂಸ್ಕರಿಸಿದ ನೀರನ್ನು ತರಕಾರಿಗೆ ಹಾಕಬಹುದೇ?

ಹೂವಿನ ಗಿಡ, ಹುಲ್ಲುಹಾಸು, ಮರಗಳಿಗೆ ಹಾಕಬಹುದು. ಅದರಲ್ಲಿ ಉಳಿದಿರುವ ಸಾರಜನಕ, ರಂಜಕಗಳು ಅವುಗಳಿಗೆ ಉಪಕಾರಿ. ಹಸಿಯಾಗಿ ತಿನ್ನುವ ಸೊಪ್ಪು, ಕೊತ್ತಂಬರಿ, ಪುದೀನ, ಮೂಲಂಗಿ, ಕ್ಯಾರೆಟ್‌ಗಳಿಗೆ ಖಂಡಿತ ಬೇಡ. ಅಪಾರ್ಟ್‌ಮೆಂಟಿನ ಘಟಕಗಳು ಎಲ್ಲ ದಿನವೂ ಒಂದೇ ಸಮನೆ ಕೆಲಸ ಮಾಡುವುದಿಲ್ಲ. ನೀರು ನಾರುತ್ತಿದ್ದರೆ, ಕಲಕಿದ್ದರೆ ಆ ದಿನ ಯಾವ ಗಿಡಕ್ಕೂ ಹಾಕಬೇಡಿ, ಪೈಪಿನಿಂದ ಮೇಲೆ ಚಿಮ್ಮಿಸಬೇಡಿ. ಸಂಸ್ಕರಣೆಯಿಂದ ಕೊಳೆ ಹೋಗುತ್ತದೆಯೇ ಹೊರತು ಸೋಪುಪುಡಿಯ ಸೋಡಿಯಂ ಹೋಗುವುದಿಲ್ಲ. ಕಟ್ಟಡದಲ್ಲಿ ಸಾಫ್ಟನರೂ ಇದ್ದರೆ ಅದರ ಉಪ್ಪುನೀರು ಇಲ್ಲಿಗೇ ಬಂದು ಸೇರುತ್ತಿದೆಯೇ ಎಂದು ವಿಚಾರಿಸಿ.

ಅಕ್ಕಿ ತೊಳೆದ ನೀರು, ವಾಷಿಂಗ್ ಮೆಷಿನ್ ನೀರು, ಎಸಿ ನೀರು, ಮೀನಿನ ತೊಟ್ಟಿಯ ನೀರು: ಇವುಗಳಲ್ಲಿ ಯಾವುದು ಆಗಬಹುದು?

ಹಿಂದೆ ಕಲಗಚ್ಚಾಗಿ ಹಸುವಿನ ಬಾನಿಗೆ ಹೋಗುತ್ತಿದ್ದ ಅಕ್ಕಿ ತೊಳೆದ ನೀರನ್ನು ಅಂದಂದೇ ಗಿಡಕ್ಕೆ ಹಾಕಿ. ಎರಡು ದಿನ ಇಟ್ಟರೆ ಹುಳಿತು ವಾಸನೆ ಬಂದು ನೊಣ ಮುತ್ತುತ್ತದೆ. ಉಪ್ಪು ಹಾಕಿ ಬೇಯಿಸಿ ಬಸಿದ ನೀರು ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವ ಮಂಜಾಗಿ ಇಳಿದದ್ದು, ಬಟ್ಟಿ ಇಳಿಸಿದ ನೀರಿಗೆ ಸಮೀಪ. ಲೋಹದ ಸುರುಳಿಯ ಮೇಲಿಂದ ಬರುವುದರಿಂದ ನಾನು ಅದನ್ನು ಅಲಂಕಾರದ ಗಿಡಗಳಿಗೆ ಮಾತ್ರ ಹಾಕುತ್ತೇನೆ. ಸಿಹಿನೀರಿನ ಮೀನಿನ ತೊಟ್ಟಿಯದ್ದು ಒಳ್ಳೆಯ ದ್ರವಗೊಬ್ಬರವೇ, ಮೀನಿಗೆ ಔಷಧಿ ಹಾಕಿದ ವಾರ ಬಿಟ್ಟು. ವಾಷಿಂಗ್ ಮೆಷಿನ್ನಿನ ಮೊದಲ ನೀರಿನಲ್ಲಿ ಸೋಡಿಯಂ ಕಾರ್ಬೊನೇಟ್ ತುಂಬಿರುತ್ತದೆ, ಕುಂಡಕ್ಕೆ ಅದು ವಿಷ. ಕೊನೆಯ ಸಲ ಜಾಲಿಸಿದ ನೀರನ್ನು ನೆಲದಲ್ಲಿರುವ ತೆಂಗು, ಬಾಳೆಗೆ ಬಿಡಬಹುದು.

ಬೆಂಗಳೂರಿನ ಹೊರಗಿರುವವರಿಗೂ ಈ ಮಾತುಗಳೇ ಅನ್ವಯಿಸುತ್ತವೆಯೇ?

ತತ್ತ್ವ ಒಂದೇ, ಊರಿಗೊಂದು ನೀರು. ಮಲೆನಾಡು, ಕರಾವಳಿಯ ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ಕೆಲವೊಮ್ಮೆ ಆಮ್ಲೀಯ. ಅಲ್ಲಿನ ಅಂಗಳಗಳಲ್ಲಿ ಆಂಥೂರಿಯಂ, ಆರ್ಕಿಡ್, ಕೇಪಳ ಯಾವ ಉಪಚಾರವೂ ಇಲ್ಲದೆ ನಳನಳಿಸಲು ಹವೆಯಷ್ಟೇ ಈ ನೀರೂ ಕಾರಣ. ಅಳಿವೆಗಳ ಹತ್ತಿರದ ಬಾವಿಗಳಿಗೆ ಮಾತ್ರ ಏಪ್ರಿಲ್, ಮೇ ತಿಂಗಳಲ್ಲಿ ಉಪ್ಪುನೀರು ನುಗ್ಗುವುದುಂಟು. ಉತ್ತರ ಕರ್ನಾಟಕದ ಎರೆಮಣ್ಣಿನ ಸೀಮೆಯಲ್ಲಿ ಸವುಳು ನೀರಿನ ಹಾವಳಿ ಇದೆ. ಅಲ್ಲಿ ಎರೆಮಣ್ಣನ್ನೇ ಕುಂಡಕ್ಕೆ ತುಂಬದೆ, ಮರಳು, ಕಾಂಪೋಸ್ಟ್ ಬೆರೆಸಿ ಸಡಿಲ ಮಾಡಿಕೊಳ್ಳಿ. ಪಾವಗಡ, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಫ್ಲೋರೈಡ್ ಹೆಚ್ಚು. ಅದು ತರಕಾರಿಗಿಂತ ಡ್ರಸೀನಾ, ಸ್ಪೈಡರ್ ಪ್ಲಾಂಟ್‌ನಂತಹ ಒಳಾಂಗಣ ಗಿಡಗಳ ಎಲೆತುದಿಗಳನ್ನು ಸುಡುತ್ತದೆ.

ಕುಂಡದಲ್ಲಿ ಬಿಳಿ ಪುಡಿ ಈಗಾಗಲೇ ಕಟ್ಟಿದೆ. ಗಿಡ ಉಳಿಸುವುದು ಹೇಗೆ?

ಮೊದಲು ಮೇಲಿನ ಒಂದು ಇಂಚು ಮಣ್ಣನ್ನು ಕೆರೆದು ತೆಗೆದುಬಿಡಿ; ಉಪ್ಪು ಹೆಚ್ಚಾಗಿ ಅಲ್ಲಿಯೇ ಇರುತ್ತದೆ. ತಳದ ರಂಧ್ರ ಕಟ್ಟಿಲ್ಲವೆಂದು ಖಚಿತಪಡಿಸಿಕೊಂಡು, ಹತ್ತು ಲೀಟರಿನ ಕುಂಡಕ್ಕೆ ಹದಿನೈದು ಇಪ್ಪತ್ತು ಲೀಟರ್ ಕಡಿಮೆ ಲವಣದ ನೀರನ್ನು ನಾಲ್ಕೈದು ಸಲಕ್ಕೆ ಹಂಚಿ, ಪ್ರತಿ ಸಲವೂ ಪೂರ್ತಿ ಬಸಿದು ಹೋಗಲು ಬಿಟ್ಟು, ಸುರಿಯಿರಿ. ಬಸಿದ ನೀರಿನ ಟಿಡಿಎಸ್ ಅಳೆಯುತ್ತ ಹೋದರೆ ಅದು ಇಳಿಯುವುದು ಕಣ್ಣಿಗೆ ಕಾಣುತ್ತದೆ. ನಾನು ಮೊದಲ ಸಲ ಅಳೆದಾಗ ಮೀಟರಿನ ಅಂಕಿ ನೋಡಿ, ಗಿಡ ಅಷ್ಟು ದಿನ ಬದುಕಿದ್ದೇ ಹೆಚ್ಚೆಂದು ಮರುಗಿದೆ. ಬಸಿದದ್ದನ್ನು ತಟ್ಟೆಯಲ್ಲಿ ನಿಲ್ಲಲು ಬಿಡಬೇಡಿ, ಕುಂಡ ಅದನ್ನು ಮತ್ತೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ತೊಳೆಯುವಾಗ ಪೋಷಕಾಂಶವೂ ಹೋಗುವುದರಿಂದ ವಾರದ ನಂತರ ಒಂದು ಹಿಡಿ ಎರೆಗೊಬ್ಬರ ಹಾಕಿ. ಮೇ ತಿಂಗಳ ಗುಡುಗು ಮಳೆಗೆ ಕುಂಡಗಳನ್ನು ಶೆಡ್ಡಿನಿಂದ ಹೊರಗೆ ತೆರೆದಿಟ್ಟರೆ ಈ ಕೆಲಸವೆಲ್ಲ ತಾನಾಗಿಯೇ ಆಗುತ್ತದೆ.

ನೀರನ್ನು ದೂಷಿಸುವ ಮುಂಚೆ ಕೋಕೋಪೀಟ್ ಕಡೆಗೂ ನೋಡಿ. ತೊಳೆಯದ ಕೋಕೋಪೀಟ್ ಇಟ್ಟಿಗೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಹೇರಳವಾಗಿರುತ್ತವೆ. ಎರಡು ಮೂರು ಸಲ ನೆನೆಸಿ ಹಿಂಡಿ ಬಳಸಿದವರಿಗೆ ಆ ತೊಂದರೆ ಇರುವುದಿಲ್ಲ.

ಬೇಸಿಗೆಯಲ್ಲಿ ಯಾವ ಹೊತ್ತಿಗೆ ನೀರು ಹಾಕಬೇಕು?

ಬೆಳಿಗ್ಗೆ ಏಳರೊಳಗೆ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿನ ನೀರೂ, ಬಿಸಿಲಿನಲ್ಲಿ ಬಿದ್ದಿರುವ ಪೈಪಿನೊಳಗಿನ ನೀರೂ ಕೈ ಇಡಲಾಗದಷ್ಟು ಕಾದಿರುತ್ತವೆ; ಎಷ್ಟೇ ಒಳ್ಳೆಯ ಮೂಲದ ನೀರಾದರೂ ಆ ಬಿಸಿಯಲ್ಲಿ ಬೇರು ಬೆಂದುಹೋಗುತ್ತದೆ. ಸಂಜೆಯೇ ಹಾಕಬೇಕಾದರೆ ಪೈಪಿನಲ್ಲಿ ನಿಂತ ಬಿಸಿನೀರನ್ನು ಮೊದಲು ಬಕೆಟಿಗೆ ಹಿಡಿದಿಟ್ಟು, ತಣ್ಣಗಾದದ್ದು ಬರತೊಡಗಿದ ಮೇಲೆ ಬುಡಕ್ಕೆ ಬಿಡಿ. ಉಪ್ಪು ಹೆಚ್ಚಿರುವ ನೀರನ್ನು ಎಲೆಗಳ ಮೇಲೆ ಚಿಮುಕಿಸದೆ ಮಣ್ಣಿಗಷ್ಟೇ ಹಾಕಿ, ವಾರಕ್ಕೊಮ್ಮೆ ತಳದಿಂದ ಒಂದಿಷ್ಟು ಹರಿದು ಹೋಗುವಷ್ಟು ಧಾರಾಳವಾಗಿ ಹಾಕಿ. ಬಕೆಟಿಗೆ ಹಿಡಿದಿಟ್ಟ ಬಿಸಿನೀರು ಮಾರನೆಯ ಬೆಳಿಗ್ಗೆ ಕರಿಬೇವಿಗಾಯಿತು.